ಸೆಮಿನಾರ್ ಮುಗಿದ ಮೇಲೆ ಬರೆಯುವುದೇನು? ಚುನಾವಣೆ, ಸರ್ಕಾರದ ನೀತಿ ಮತ್ತು ನಿಮ್ಮ ಅವಲೋಕನ ಬರಹ

"ಇಂದು ನಮ್ಮ ತರಗತಿಯಲ್ಲಿ ಚುನಾವಣಾ ಸುಧಾರಣೆಗಳ ಕುರಿತು ಸೆಮಿನಾರ್ ನಡೆಯಿತು. ಸ್ನೇಹಿತರು ತುಂಬಾ ಚೆನ್ನಾಗಿ ವಿಷಯ ಮಂಡಿಸಿದರು. ಇದರಿಂದ ನನಗೆ ಬಹಳಷ್ಟು ಮಾಹಿತಿ ದೊರೆಯಿತು. ಮತದಾನ ನಮ್ಮೆಲ್ಲರ ಹಕ್ಕು ಮತ್ತು ಕರ್ತವ್ಯ."

ಈ ನಾಲ್ಕು ವಾಕ್ಯಗಳನ್ನು ಎಷ್ಟು ಸಲ ಓದಿದ್ದೇನೆಂದು ನಾನು ಲೆಕ್ಕವಿಟ್ಟಿಲ್ಲ. ಪದವಿ ತರಗತಿಗೆ ರಾಜ್ಯಶಾಸ್ತ್ರ ಕಲಿಸುವವಳ ಮೇಜಿನ ಮೇಲೆ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಇಂಥ ಹಾಳೆಗಳ ಕಟ್ಟು ಬಂದು ಕೂರುತ್ತದೆ. ಬರೆದವರ ಹೆಸರು ಬೇರೆ, ಕೈಬರಹ ಬೇರೆ, ಬರಹ ಮಾತ್ರ ಒಂದೇ. ಅದರಲ್ಲಿ ತಪ್ಪು ಮಾಹಿತಿ ಏನೂ ಇಲ್ಲ. ಸೆಮಿನಾರ್ ನಡೆಯದೇ ಹೋಗಿದ್ದರೂ ಅದನ್ನು ಬರೆಯಬಹುದಿತ್ತು, ದೋಷ ಇರುವುದು ಅಲ್ಲಿ.

ಸೆಮಿನಾರ್ ಕೊಟ್ಟವರಷ್ಟೇ ಅಲ್ಲ, ಕೇಳಿದವರೂ ಎರಡು ಪುಟ ಬರೆದುಕೊಡಬೇಕೆಂದು ಕೇಳುವ ಅಧ್ಯಾಪಕರಲ್ಲಿ ನಾನೂ ಒಬ್ಬಳು. ಬಿ.ಇಡಿ. ಓದಿದವರು ಇದನ್ನು ಪ್ರತಿಫಲನ ಬರಹ ಎನ್ನುತ್ತಾರೆ. ವಿದ್ಯಾರ್ಥಿಗಳ ಬಾಯಲ್ಲಿ ಇದು 'ರಿಫ್ಲೆಕ್ಷನ್'. ನನಗೆ ಅವಲೋಕನ ಎಂಬ ಹಳೆಯ ಮಾತೇ ಸಾಕು. ಕೇಳಿದ್ದರಿಂದ ನಿಮ್ಮ ತಲೆಯೊಳಗೆ ಏನು ಅಲುಗಿತು, ಏನು ಅಲುಗಲಿಲ್ಲ, ಯಾವ ಸಂಗತಿಗೆ ಅಲುಗಿತು ಎಂಬುದನ್ನು ಬರೆದಿಡುವ ಕೆಲಸ ಇದು. ಸೆಮಿನಾರಿನಲ್ಲಿ ಏನೇನು ಹೇಳಿದರು ಎಂದು ಬರೆದರೆ ವರದಿಯಾಗುತ್ತದೆ, ಹೇಗೆ ಹೇಳಿದರು ಎಂದು ಬರೆದರೆ ವಿಮರ್ಶೆಯಾಗುತ್ತದೆ. ಎರಡೂ ಒಳ್ಳೆಯವೇ, ಆದರೆ ಇಲ್ಲಿ ಕೇಳಿದ್ದು ಅವನ್ನಲ್ಲ.

ಜೀವಶಾಸ್ತ್ರದ ತರಗತಿಯಲ್ಲಿ ಈ ಬರಹ ಇಷ್ಟು ಕಷ್ಟವಾಗಲಾರದು. ದ್ಯುತಿಸಂಶ್ಲೇಷಣೆಯ ಬಗ್ಗೆ ಯಾರೂ ಮನೆಯಿಂದ ಅಭಿಪ್ರಾಯ ಕಟ್ಟಿಕೊಂಡು ಬರುವುದಿಲ್ಲ. ಗ್ಯಾರಂಟಿ ಯೋಜನೆ, ಮೀಸಲಾತಿ, ಇವಿಎಂ ಎಂದ ಕೂಡಲೇ ಎಲ್ಲರ ಬುತ್ತಿಯೂ ತುಂಬಿರುತ್ತದೆ. ಊಟಕ್ಕೆ ಕೂತಾಗ ಅಪ್ಪ ಹೇಳಿದ್ದು, ಬಸ್ಸಿನಲ್ಲಿ ಕಿವಿಗೆ ಬಿದ್ದದ್ದು, ವಾಟ್ಸ್‌ಆ್ಯಪಿನಲ್ಲಿ ಯಾರೋ ಕಳಿಸಿದ್ದು ಎಲ್ಲವೂ ಸೇರಿ 'ನನ್ನ ಅಭಿಪ್ರಾಯ' ಆಗಿರುತ್ತದೆ. ಆ ಬುತ್ತಿಯನ್ನು ಬಿಚ್ಚಿ ನೋಡದೆ ಅವಲೋಕನ ಬರೆಯಲು ಬರುವುದಿಲ್ಲ. ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಸೆಮಿನಾರಿಗೂ ಮುಂಚೆ.

ಹಿಂದಿನ ರಾತ್ರಿ ಐದು ಸಾಲು

ನಾಳೆಯ ವಿಷಯ ಏನೆಂದು ನಿಮಗೆ ಗೊತ್ತಿರುತ್ತದೆ. ಮಲಗುವ ಮುನ್ನ ಅದರ ಬಗ್ಗೆ ನಿಮಗೆ ಈಗ ಅನಿಸುವುದನ್ನು ಐದು ಸಾಲಿನಲ್ಲಿ ಬರೆಯಿರಿ. ಗೂಗಲ್ ನೋಡಬೇಡಿ, ಪಠ್ಯಪುಸ್ತಕ ತೆರೆಯಬೇಡಿ, ಸರಿ ತಪ್ಪು ಯೋಚಿಸಬೇಡಿ. ಪ್ರತಿ ಸಾಲಿನ ಪಕ್ಕದಲ್ಲಿ ಅದು ನಿಮಗೆ ಎಲ್ಲಿಂದ ಬಂತು ಎಂಬುದನ್ನು ಒಂದೇ ಪದದಲ್ಲಿ ಗುರುತಿಸಿ: ಅಪ್ಪ, ಟಿ.ವಿ., ಪತ್ರಿಕೆ, ಕಣ್ಣಾರೆ.

ಶಕ್ತಿ ಯೋಜನೆಯ ಸೆಮಿನಾರಿನ ಹಿಂದಿನ ರಾತ್ರಿ ಒಬ್ಬ ವಿದ್ಯಾರ್ಥಿ ಬರೆದ ಸಾಲುಗಳು ಹೀಗಿದ್ದವು: "ಇದು ಮತಕ್ಕಾಗಿ ಮಾಡಿದ್ದು. ಬಸ್ಸಿನಲ್ಲಿ ನಿಲ್ಲುವುದಕ್ಕೂ ಜಾಗ ಇರುವುದಿಲ್ಲ. ನಿಗಮಗಳು ನಷ್ಟದಲ್ಲಿ ಮುಳುಗುತ್ತವೆ ಎಂದು ಮಾವ ಹೇಳುತ್ತಾರೆ. ದುಡ್ಡಿದ್ದವರಿಗೂ ಯಾಕೆ ಉಚಿತ ಕೊಡಬೇಕು? ಅಮ್ಮ ಈಗ ತಿಂಗಳಿಗೆ ಎರಡು ಸಲ ತವರಿಗೆ ಹೋಗಿಬರುತ್ತಾಳೆ."

ಐದನೆಯ ಸಾಲು ಮೊದಲ ನಾಲ್ಕರ ಜೊತೆ ಜಗಳವಾಡುತ್ತಿದೆ. ಬರೆಯುವಾಗ ಅವನಿಗೆ ಅದು ಹೊಳೆದಿರಲಿಲ್ಲ, ಮರುದಿನ ಓದಿಕೊಂಡಾಗ ಹೊಳೆಯಿತು. ಅವನ ಅವಲೋಕನ ಬರಹದ ಅರ್ಧ ಭಾಗ ಆ ರಾತ್ರಿಯೇ ಆಗಿಹೋಗಿತ್ತು ಎನ್ನಬಹುದು.

ಈ ಐದು ಸಾಲನ್ನು ಬರೆಯದೆ ನೇರವಾಗಿ ಸೆಮಿನಾರಿಗೆ ಬಂದರೆ ಏನಾಗುತ್ತದೆ? ಹೊಸದಾಗಿ ಕೇಳಿದ್ದನ್ನು ಮನಸ್ಸು ಎರಡೇ ದಿನದಲ್ಲಿ 'ಇದು ನನಗೆ ಮೊದಲೇ ಗೊತ್ತಿತ್ತು' ಎಂದು ಒಳಗೆ ಸೇರಿಸಿಕೊಂಡುಬಿಡುತ್ತದೆ. ಆಮೇಲೆ ಬದಲಾವಣೆ ಎಲ್ಲಿ ಆಯಿತೆಂದು ಹುಡುಕಿದರೂ ಸಿಗುವುದಿಲ್ಲ. ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆ ಪಾಲಿಸುವುದಿದ್ದರೆ ಇದನ್ನು ಪಾಲಿಸಿ.

ಬೆಂಚಿನಲ್ಲಿ ಕೂತಾಗ

ಪುಟದ ನಡುವೆ ಒಂದು ಗೆರೆ ಎಳೆಯಿರಿ. ಎಡಗಡೆ ಹೇಳಿದ ಮಾತು, ಬಲಗಡೆ ಅದನ್ನು ಕೇಳಿದಾಗ ನಿಮಗಾದದ್ದು. ಬಲಗಡೆ ಉದ್ದ ವಾಕ್ಯ ಬೇಡ. 'ಹೌದಾ?', 'ಇದು ಸುಳ್ಳಿರಬೇಕು', 'ನಮ್ಮೂರಲ್ಲಿ ಹೀಗಿಲ್ಲ', 'ಬೇಸರ' ಎಂದಷ್ಟೇ ಗೀಚಿದರೂ ಸಾಕು. ಪಿಪಿಟಿಯ ಪ್ರತಿ ಪುಟದ ಫೋಟೊ ತೆಗೆಯುತ್ತ ಕೂರಬೇಡಿ. ಆ ಕಡತ ಸಂಜೆಯೊಳಗೆ ತರಗತಿಯ ಗುಂಪಿಗೆ ಬಂದೇ ಬರುತ್ತದೆ. ನಿಮ್ಮ ಬಲಗಡೆಯ ಅಂಕಣವನ್ನು ಮಾತ್ರ ಯಾರೂ ಕಳಿಸುವುದಿಲ್ಲ.

ಅಂಕಿಅಂಶ ಕಿವಿಗೆ ಬಿದ್ದಾಗಲೆಲ್ಲ ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ. ಅದರ ಕಥೆ ಆಮೇಲೆ ಹೇಳುತ್ತೇನೆ.

ಮಂಡಿಸಿದವರ ಮಾತಿನಷ್ಟೇ ಮುಖ್ಯವಾದದ್ದು ತರಗತಿಯ ನಡವಳಿಕೆ. ಯಾವ ಮಾತಿಗೆ ಎಲ್ಲರೂ ನಕ್ಕರು? ಯಾವ ಪ್ರಶ್ನೆಗೆ ಮೌನ ಬಿತ್ತು? ಯಾವ ಪಕ್ಷದ ಹೆಸರು ಬಂದಾಗ ಹಿಂದಿನ ಬೆಂಚಿನಲ್ಲಿ ಗುಸುಗುಸು ಎದ್ದಿತು? ನೀವು ಕೈ ಎತ್ತಬೇಕೆಂದುಕೊಂಡು ಇಳಿಸಿದ್ದು ಯಾವಾಗ? ಇದನ್ನೆಲ್ಲ ಬರೆದುಕೊಂಡರೆ ಕಾಡುಹರಟೆಯಾಗುತ್ತದೆ ಎಂದು ಕೆಲವರು ಅಂಜುತ್ತಾರೆ. ರಾಜಕೀಯವನ್ನು ಓದುವವರಿಗೆ ಅಂಥ ಅಂಜಿಕೆ ಇರಬಾರದು. ಮೂವತ್ತು ಜನ ಕೂತಿರುವ ಕೋಣೆಯಲ್ಲಿ ಯಾರಿಗೆ ಮಾತು ಬರುತ್ತದೆ, ಯಾರಿಗೆ ಬರುವುದಿಲ್ಲ ಎಂಬುದೂ ರಾಜಕೀಯವೇ.

ಅದೇ ಸಂಜೆ: ಒಂದೇ ಗಳಿಗೆ

ಮನೆಗೆ ಹೋದ ದಿನವೇ ಟಿಪ್ಪಣಿ ತೆರೆಯಿರಿ. ನಾಳೆಗೆ ತಳ್ಳಿದರೆ ಬಲಗಡೆಯ ಗೀಚುಗಳು ನಿಮಗೇ ಅರ್ಥವಾಗುವುದಿಲ್ಲ. ಇಡೀ ಸೆಮಿನಾರಿನಿಂದ ಒಂದೇ ಒಂದು ಗಳಿಗೆಯನ್ನು ಆರಿಸಿಕೊಳ್ಳಿ. ಎರಡು ಪುಟದ ಬರಹಕ್ಕೆ ಒಂದು ಗಳಿಗೆ ಧಾರಾಳವಾಗಿ ಸಾಕು.

ಪಂಚಾಯಿತಿಯಲ್ಲಿ ಮಹಿಳಾ ಮೀಸಲಾತಿಯ ಬಗ್ಗೆ ನಡೆದ ಒಂದು ಸೆಮಿನಾರ್ ನೆನಪಾಗುತ್ತದೆ. ಮಂಡಿಸಿದವರು ಸಿದ್ಧತೆ ಮಾಡಿಕೊಂಡೇ ಬಂದಿದ್ದರು. ಪಂಚಾಯಿತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ 73ನೆಯ ತಿದ್ದುಪಡಿ ಬರುವ ಮೊದಲೇ, 1987ರ ಚುನಾವಣೆಯಲ್ಲಿ, ಕರ್ನಾಟಕ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟಿತ್ತು ಎಂಬುದನ್ನೂ, 2010ರಲ್ಲಿ ಅದು ಶೇ 50ಕ್ಕೆ ಏರಿತು ಎಂಬುದನ್ನೂ ಹೇಳಿದರು. ಆಮೇಲೆ "ಅಧ್ಯಕ್ಷೆ ಹೆಂಡತಿ, ಅಧಿಕಾರ ಗಂಡನದ್ದು" ಎಂದಾಗ ತರಗತಿ ಗೊಳ್ಳೆಂದು ನಕ್ಕಿತು. ಒಬ್ಬ ಹುಡುಗಿ ನಗಲಿಲ್ಲ. ಅವಳ ತಾಯಿ ಗ್ರಾಮ ಪಂಚಾಯಿತಿ ಸದಸ್ಯೆ.

ಅವಳು ಬರೆದುಕೊಟ್ಟ ಎರಡು ಪುಟ ಆ ನಗುವಿನ ಬಗ್ಗೆ ಮಾತ್ರ ಇತ್ತು. ಮೊದಲ ವರ್ಷ ತಂದೆಯೇ ಸಭೆಗೆ ಹೋಗುತ್ತಿದ್ದರಂತೆ, ಆ ಮಟ್ಟಿಗೆ ತರಗತಿ ನಕ್ಕದ್ದು ಸುಳ್ಳಲ್ಲ ಎಂದು ಅವಳೇ ಒಪ್ಪಿಕೊಂಡಿದ್ದಳು. ಕುಡಿಯುವ ನೀರಿನ ಪೈಪಿನ ವಿಷಯದಲ್ಲಿ ಓಣಿಯ ಹೆಂಗಸರು ಮನೆ ಬಾಗಿಲಿಗೆ ಬಂದು ನಿಂತ ಮೇಲೆ ತಾಯಿ ತಾವೇ ಹೋಗತೊಡಗಿದರು. "ನಾನು ಎದ್ದು ಇದನ್ನು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದ್ದರೆ ಅಮ್ಮನ ಮೊದಲ ವರ್ಷದ ಬಗ್ಗೆಯೂ ಹೇಳಬೇಕಾಗುತ್ತಿತ್ತು" ಎಂಬುದು ಅವಳ ಕೊನೆಯ ಸಾಲು. ನನಗೆ ತಿಳಿದಂತೆ ಆ ವರ್ಷ ಬಂದ ಬರಹಗಳಲ್ಲಿ ಅದಕ್ಕಿಂತ ಚೆನ್ನಾಗಿ ವಿಕೇಂದ್ರೀಕರಣವನ್ನು ಅರ್ಥ ಮಾಡಿಕೊಂಡದ್ದು ಇನ್ನೊಂದಿರಲಿಲ್ಲ. ಆ ಪದ ಮಾತ್ರ ಅದರಲ್ಲಿ ಎಲ್ಲಿಯೂ ಬಂದಿರಲಿಲ್ಲ.

ಇಂಥ ಬರಹಕ್ಕೆ ಸಿದ್ಧ ಚೌಕಟ್ಟುಗಳಿವೆ. ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಹಂತಗಳ ಚಕ್ರ ಶಿಕ್ಷಕರ ತರಬೇತಿಯಲ್ಲಿ ಹೆಚ್ಚು ಕೇಳಿಬರುತ್ತದೆ: ನಡೆದದ್ದು, ಅನಿಸಿದ್ದು, ಒಳಿತು ಕೆಡಕು, ವಿಶ್ಲೇಷಣೆ, ತೀರ್ಮಾನ, ಮುಂದಿನ ಯೋಜನೆ. ತಲೆಯಲ್ಲಿ ಇಟ್ಟುಕೊಳ್ಳುವುದಕ್ಕೆ ಚೆನ್ನಾಗಿದೆ. ಅದನ್ನೇ ಆರು ತಲೆಬರಹ ಮಾಡಿಕೊಂಡು ತುಂಬತೊಡಗಿದರೆ ಬರಹ ಬ್ಯಾಂಕಿನ ಚಲನ್ ಆಗಿಬಿಡುತ್ತದೆ. ಏನಾಯಿತು, ಅದರಿಂದ ನನಗೇನು ತಿಳಿಯಿತು, ಇನ್ನು ಏನು ಮಾಡುತ್ತೇನೆ ಎಂಬ ಮೂರು ಪ್ರಶ್ನೆಗಳೇ ನಮ್ಮ ಎರಡು ಪುಟಕ್ಕೆ ಸಾಕು.

ಪ್ರಶ್ನೆ ಚಿಹ್ನೆಗಳ ಬೆನ್ನು ಹತ್ತುವುದು

ಮರುದಿನದ ಕೆಲಸ ಇದು. ನೀವು ಪ್ರಶ್ನೆ ಚಿಹ್ನೆ ಹಾಕಿದ ಸಂಗತಿಗಳಲ್ಲಿ ಕನಿಷ್ಠ ಒಂದನ್ನು ಮೂಲಕ್ಕೆ ಹೋಗಿ ನೋಡಿ. ಸೆಮಿನಾರಿನಲ್ಲಿ ಕೇಳಿದ್ದು ಹಸಿ ಹಾಲು, ಕಾಯಿಸದೆ ಕುಡಿಯಬಾರದು.

ಚುನಾವಣೆಯ ಸೆಮಿನಾರುಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ತಪ್ಪುಗಳು ಹೆಚ್ಚುಕಡಿಮೆ ಗೊತ್ತಿರುವಂಥವೇ. ಎಲ್ಲಕ್ಕಿಂತ ಮುಂದಿರುವುದು ನೋಟಾ, ಅಂದರೆ ಮತಯಂತ್ರದಲ್ಲಿ 'ಮೇಲಿನ ಯಾರೂ ಅಲ್ಲ' ಎನ್ನುವ ಆಯ್ಕೆ. "ನೋಟಾಗೆ ಹೆಚ್ಚು ಮತ ಬಿದ್ದರೆ ಮರುಚುನಾವಣೆ ನಡೆಯುತ್ತದೆ" ಎಂದು ವರ್ಷಕ್ಕೊಬ್ಬರಾದರೂ ಹೇಳುತ್ತಾರೆ. ಸುಪ್ರೀಂ ಕೋರ್ಟ್ 2013ರ ಸೆಪ್ಟೆಂಬರ್ 27ರಂದು ನೋಟಾ ಗುಂಡಿ ಒದಗಿಸಲು ಹೇಳಿತು. ಆದರೆ ಲೋಕಸಭೆ, ವಿಧಾನಸಭೆ ಚುನಾವಣೆಗಳಲ್ಲಿ ನೋಟಾಗೆ ಎಷ್ಟೇ ಮತ ಬಿದ್ದರೂ ಅಭ್ಯರ್ಥಿಗಳ ಪೈಕಿ ಹೆಚ್ಚು ಮತ ಪಡೆದವರೇ ಗೆಲ್ಲುತ್ತಾರೆ. ಮಹಾರಾಷ್ಟ್ರ ಮತ್ತು ಹರಿಯಾಣದ ರಾಜ್ಯ ಚುನಾವಣಾ ಆಯೋಗಗಳು 2018ರಲ್ಲಿ ಸ್ಥಳೀಯ ಸಂಸ್ಥೆಗಳ ಮಟ್ಟಿಗೆ ಬೇರೆ ನಿಯಮ ಮಾಡಿದವು. ಗೊಂದಲಕ್ಕೆ ಅದೂ ಒಂದು ಕಾರಣ ಇರಬಹುದು. ಇನ್ನೊಂದು ವಾಟ್ಸ್‌ಆ್ಯಪ್ ಪುರಾಣ: ಒಂದು ಮತಗಟ್ಟೆಯಲ್ಲಿ 'ಟೆಂಡರ್ಡ್ ವೋಟ್' ಶೇ 14 ದಾಟಿದರೆ ಮರುಮತದಾನ. ಹಾಗೊಂದು ನಿಯಮವೇ ಇಲ್ಲ. ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಮತ ಹಾಕಿ ಹೋಗಿದ್ದರೆ, 1961ರ ಚುನಾವಣಾ ನಿಯಮಗಳ 49ಪಿ ಪ್ರಕಾರ ನಿಮಗೆ ಕಾಗದದ ಮತಪತ್ರ ಸಿಗುತ್ತದೆ, ಅದು ಪ್ರತ್ಯೇಕ ಲಕೋಟೆಗೆ ಹೋಗುತ್ತದೆ. ಚುನಾವಣಾ ಕರ್ತವ್ಯಕ್ಕೆ ಹಾಕಿಸಿಕೊಂಡು, ಮಸ್ಟರಿಂಗ್ ಕೇಂದ್ರದ ಬಿಸಿಲಿನಲ್ಲಿ ನಿಂತು ಪೆಟ್ಟಿಗೆ ಎಣಿಸಿಕೊಂಡ ಯಾವ ಮೇಷ್ಟರನ್ನು ಕೇಳಿದರೂ ಆ ಲಕೋಟೆಯ ಬಣ್ಣ ಸಮೇತ ಹೇಳಿಯಾರು.

ಸಂಖ್ಯೆಗಳದ್ದು ಇನ್ನೊಂದು ಬಗೆಯ ಕಾಟ. "ರಾಜ್ಯದ ಬಜೆಟ್ ಪೂರ್ತಿ ಗ್ಯಾರಂಟಿಗೇ ಹೋಗುತ್ತಿದೆ" ಎಂದು ಒಬ್ಬರು ಹೇಳುತ್ತಾರೆ, "ಗ್ಯಾರಂಟಿಯ ಖರ್ಚು ಬಜೆಟ್ಟಿನಲ್ಲಿ ಲೆಕ್ಕಕ್ಕೇ ಬರುವಷ್ಟಲ್ಲ" ಎಂದು ಇನ್ನೊಬ್ಬರು. ಇಬ್ಬರಿಗೂ ಚಪ್ಪಾಳೆ ಬೀಳುತ್ತದೆ. ನೀವು ಮಾಡಬೇಕಾದ ಲೆಕ್ಕ ಏಳನೆಯ ತರಗತಿಯದ್ದು. 2024-25ರ ಕರ್ನಾಟಕ ಬಜೆಟ್ಟಿನ ಗಾತ್ರ ಸುಮಾರು 3.71 ಲಕ್ಷ ಕೋಟಿ ರೂಪಾಯಿ. ಐದು ಗ್ಯಾರಂಟಿಗಳಿಗೆ ತೆಗೆದಿಟ್ಟದ್ದು ಸುಮಾರು 52 ಸಾವಿರ ಕೋಟಿ. ಭಾಗಿಸಿದರೆ ನೂರಕ್ಕೆ ಹದಿನಾಲ್ಕು ರೂಪಾಯಿ. ಹದಿನಾಲ್ಕು ಹೆಚ್ಚೋ ಕಡಿಮೆಯೋ ಎಂಬುದಕ್ಕೆ ನಿಮ್ಮ ಉತ್ತರ ಏನಾದರೂ ಇರಲಿ, 'ಪೂರ್ತಿ' ಮತ್ತು 'ಲೆಕ್ಕಕ್ಕಿಲ್ಲ' ಎರಡೂ ಬಿದ್ದುಹೋದವು. ಅವಲೋಕನದಲ್ಲಿ ಬರೆಯಬೇಕಾದದ್ದು ಈ ಲೆಕ್ಕದ ಜೊತೆಗೆ ಇನ್ನೊಂದು ಸಂಗತಿ: ಲೆಕ್ಕ ಮಾಡುವ ಮೊದಲು ಇಬ್ಬರಲ್ಲಿ ಯಾರ ಮಾತಿಗೆ ನೀವು ತಲೆಯಾಡಿಸಿದಿರಿ?

ಎಲ್ಲಿ ನೋಡುವುದು ಎಂದು ಕೇಳಬೇಡಿ. ಬಜೆಟ್ ಭಾಷಣ ಹಣಕಾಸು ಇಲಾಖೆಯ ಜಾಲತಾಣದಲ್ಲಿ ಕನ್ನಡದಲ್ಲೇ ಇರುತ್ತದೆ. ಅಭ್ಯರ್ಥಿಯ ಆಸ್ತಿ, ಸಾಲ, ಪ್ರಕರಣಗಳ ವಿವರ ನಮೂನೆ 26ರ ಪ್ರಮಾಣಪತ್ರದಲ್ಲಿ ಇರುತ್ತದೆ, ಚುನಾವಣಾ ಆಯೋಗ ಅದನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತದೆ. ನಿಮ್ಮೂರಿನ ಸಂಗತಿಯಾದರೆ ಮಾಹಿತಿ ಹಕ್ಕು ಅರ್ಜಿ ಹಾಕಬಹುದು, ಹತ್ತು ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೇರಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಬರವಣಿಗೆಯ ಅಭ್ಯಾಸಕ್ಕೂ ಅದು ಒಳ್ಳೆಯದೇ.

ಭರವಸೆ ಬೇರೆ, ನೀತಿ ಬೇರೆ

ಚುನಾವಣೆಯ ವಿಷಯ ಮತ್ತು ಸರ್ಕಾರದ ನೀತಿ ಒಂದೇ ಸೆಮಿನಾರಿನಲ್ಲಿ ಕಲಸಿಹೋಗುವುದು ಸಹಜ. ಬರೆಯುವಾಗ ಮಾತ್ರ ಬಿಡಿಸಿಕೊಳ್ಳಬೇಕು. ಪ್ರಣಾಳಿಕೆಯಲ್ಲಿ ಹೇಳಿದ್ದು ಭರವಸೆ. ಅದನ್ನು ಕೊಡುವುದು ನ್ಯಾಯವೇ ಎಂಬುದು ಒಂದು ಪ್ರಶ್ನೆ. ಆದೇಶವಾಗಿ, ಹಣ ಬಿಡುಗಡೆಯಾಗಿ, ಕೌಂಟರಿಗೆ ಬಂದ ಮೇಲೆ ಅದು ನೀತಿ. ಅದು ಕೆಲಸ ಮಾಡುತ್ತಿದೆಯೇ ಎಂಬುದು ಬೇರೆಯೇ ಪ್ರಶ್ನೆ. ತಮಿಳುನಾಡಿನ ಉಚಿತ ಕೊಡುಗೆಗಳ ಮೇಲಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಪ್ರಣಾಳಿಕೆಯ ಭರವಸೆಗಳು ಈಗಿನ ಕಾನೂನಿನಂತೆ ಭ್ರಷ್ಟ ಆಚರಣೆ ಆಗುವುದಿಲ್ಲ ಎಂದಿತು, ಜೊತೆಗೇ ಪ್ರಣಾಳಿಕೆಗಳಿಗೆ ಮಾರ್ಗಸೂಚಿ ರೂಪಿಸಲು ಚುನಾವಣಾ ಆಯೋಗಕ್ಕೆ ಹೇಳಿತು. ಮತಕ್ಕಾಗಿ ಮಾಡಿದ ಯೋಜನೆ ಜನರಿಗೆ ಒದಗಬಹುದು. ಒಳ್ಳೆಯ ಮನಸ್ಸಿನಿಂದ ಮಾಡಿದ್ದು ಕಪಾಟಿನಲ್ಲಿ ಕೊಳೆಯಬಹುದು. 'ಇದು ಮತಕ್ಕಾಗಿ' ಎಂದು ಬರೆದು ಪೂರ್ಣವಿರಾಮ ಹಾಕಿದವರು ಎರಡನೆಯ ಪ್ರಶ್ನೆಯನ್ನು ಮುಟ್ಟಲೇ ಇಲ್ಲ ಎಂದಾಯಿತು.

ಯಾವುದೇ ನೀತಿಯ ಮುಂದೆ ನಿಂತು ಕೇಳಬೇಕಾದದ್ದು ಇಷ್ಟು. ಯಾರಿಗೆ ಸಿಗುತ್ತದೆ, ದುಡ್ಡು ಯಾರ ಜೇಬಿನಿಂದ, ಕಾಗದದಲ್ಲಿ ಹೆಸರಿದ್ದೂ ಕೈಗೆ ಸಿಗದವರು ಯಾರು, ಅದನ್ನು ನಡೆಸುವ ಸಿಬ್ಬಂದಿಯ ದಿನ ಹೇಗಿದೆ. ಕೊನೆಯ ಪ್ರಶ್ನೆಯನ್ನು ನಮ್ಮ ಮಕ್ಕಳು ಕೇಳುವುದೇ ಇಲ್ಲ.

ಶಕ್ತಿ ಯೋಜನೆಗೇ ಮರಳೋಣ. 2023ರ ಜೂನ್ 11ರಂದು ಶುರುವಾಯಿತು. ರಾಜ್ಯದ ನಾಲ್ಕು ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಮಹಿಳೆಯರಿಗೆ ಉಚಿತ ಪ್ರಯಾಣ. ನಿರ್ವಾಹಕರು ಶೂನ್ಯ ಮೊತ್ತದ ಟಿಕೆಟ್ ಕೊಡುತ್ತಾರೆ, ಆ ಟಿಕೆಟ್ಟುಗಳ ಮೌಲ್ಯವನ್ನು ಸರ್ಕಾರ ನಿಗಮಗಳಿಗೆ ತುಂಬಿಕೊಡಬೇಕು. ಹಾಗಾಗಿ 'ನಿಗಮ ಮುಳುಗುತ್ತದೆ' ಎಂಬ ಮಾವನ ಮಾತನ್ನು ಪರೀಕ್ಷಿಸಬೇಕಾದರೆ ಸರ್ಕಾರ ಆ ಹಣವನ್ನು ಎಷ್ಟು, ಯಾವಾಗ ಕೊಟ್ಟಿತು ಎಂಬುದನ್ನು ನೋಡಬೇಕು. ಹೆಂಗಸರು ಎಷ್ಟು ಸಲ ಓಡಾಡಿದರು ಎಂಬುದನ್ನಷ್ಟೇ ಎಣಿಸಿದರೆ ಉತ್ತರ ಸಿಗುವುದಿಲ್ಲ. ಇನ್ನು ಕರಾವಳಿಯ ಕಡೆ ಹೋಗಿ. ಉಡುಪಿ, ದಕ್ಷಿಣ ಕನ್ನಡದ ಬಹಳಷ್ಟು ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿನ ಹೆಣ್ಣುಮಗಳ ಪಾಲಿಗೆ ಯೋಜನೆ ಊರ ಮುಖ್ಯರಸ್ತೆಯ ತನಕವೂ ಬಾರದಿರಬಹುದು. ಅದೇ ತರಗತಿಯಲ್ಲಿ ಕೂತ ಬಯಲುಸೀಮೆಯ ಹುಡುಗಿಗೂ ಕರಾವಳಿಯ ಹುಡುಗಿಗೂ ಒಂದೇ ಯೋಜನೆ ಎರಡಾಗಿ ಕಾಣುತ್ತದೆ. ನೀವು ನೋಡುತ್ತಿರುವುದು ಯಾವ ಬಸ್ ನಿಲ್ದಾಣದಿಂದ ಎಂದು ಬರಹದಲ್ಲಿ ಹೇಳಿಬಿಡಿ. ಓದುವವರಿಗೆ ಆಮೇಲಿನ ನಿಮ್ಮ ಮಾತಿನ ತೂಕ ತಿಳಿಯುತ್ತದೆ.

ಯಾವ ವಿಷಯವನ್ನು ಯಾರೂ ಆರಿಸಿಕೊಳ್ಳಲಿಲ್ಲ ಎಂಬುದೂ ಬರೆಯಬಹುದಾದ ಸಂಗತಿ. 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಯಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಆದರೂ ಚುನಾವಣೆ ವರ್ಷಗಟ್ಟಲೆ ಮುಂದಕ್ಕೆ ಹೋಯಿತು. ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಬಗ್ಗೆ ಸೆಮಿನಾರ್ ಕೊಡಲು ಮೂವರು ಮುಂದೆ ಬಂದ ವರ್ಷ, ಇದರ ಬಗ್ಗೆ ಒಬ್ಬರೂ ಹೆಸರು ಕೊಡಲಿಲ್ಲ.

ಬರೆಯಲು ಕೂತಾಗ

ಈಗ ನಿಮ್ಮ ಮುಂದೆ ಮೂರು ಕಾಗದ ಇವೆ: ಹಿಂದಿನ ರಾತ್ರಿಯ ಐದು ಸಾಲು, ತರಗತಿಯ ಟಿಪ್ಪಣಿ, ಪರೀಕ್ಷಿಸಿ ನೋಡಿದ ಒಂದು ಸಂಗತಿ. ಆರಿಸಿಕೊಂಡ ಗಳಿಗೆಯಿಂದಲೇ ಶುರುಮಾಡಿ. 'ಪ್ರಜಾಪ್ರಭುತ್ವ ಎಂದರೆ ಜನರಿಂದ, ಜನರಿಗಾಗಿ' ಎಂಬ ಪೀಠಿಕೆ ಬೇಡ, ಅದು ನಿಮ್ಮ ಅಧ್ಯಾಪಕರಿಗೆ ಬಾಯಿಪಾಠ.

ಒಂದೇ ವಿಷಯವನ್ನು ಎರಡು ರೀತಿ ಬರೆದು ತೋರಿಸುತ್ತೇನೆ. ಮೊದಲನೆಯದು: "ನಗರದ ಜನರು ಮತದಾನದಲ್ಲಿ ನಿರಾಸಕ್ತಿ ತೋರುತ್ತಿರುವುದು ವಿಷಾದನೀಯ. ಯುವಜನತೆ ಎಚ್ಚೆತ್ತುಕೊಳ್ಳಬೇಕು. ಈ ಸೆಮಿನಾರ್ ನನ್ನ ಕಣ್ಣು ತೆರೆಸಿತು."

ಎರಡನೆಯದು: "ಬೆಂಗಳೂರಿನವರು ಸೋಮಾರಿಗಳು, ರಜೆ ಸಿಕ್ಕರೆ ಊರು ಬಿಡುತ್ತಾರೆ ಎಂದು ಸೆಮಿನಾರಿಗೆ ಮೊದಲು ಬರೆದಿದ್ದೆ. ಬಾಡಿಗೆ ಮನೆ ಬದಲಿಸಿದವರ ಹೆಸರು ಹಳೆಯ ವಿಳಾಸದಲ್ಲೇ ಉಳಿಯುತ್ತದೆ ಎಂದು ಮಂಡಿಸಿದವರು ಹೇಳಿದಾಗ ಅಣ್ಣ ನೆನಪಾದ. ಅವನು ಮೂರು ವರ್ಷದಲ್ಲಿ ನಾಲ್ಕು ಮನೆ ಬದಲಿಸಿದ್ದಾನೆ, ಹೆಸರು ಈಗಲೂ ಊರಿನ ಪಟ್ಟಿಯಲ್ಲಿದೆ. 2024ರಲ್ಲಿ ಮತ ಹಾಕಲು ಬರಲಿಲ್ಲ. ನಾನು ಅವನನ್ನು ಸೋಮಾರಿ ಎಂದುಕೊಂಡಿರಲಿಲ್ಲ. ಉಳಿದವರನ್ನು ಮಾತ್ರ ಅಂದುಕೊಂಡಿದ್ದೆ. ಆದರೂ ಹೆಸರು ವರ್ಗಾಯಿಸಲು ಅವನಿಗೆ ಮೂರು ವರ್ಷ ಸಮಯವಿತ್ತು ಎಂಬುದೂ ನಿಜ."

ಎರಡನೆಯದರಲ್ಲಿ ವಿಷಾದ ಎಂಬ ಪದ ಇಲ್ಲ, ಕಣ್ಣು ತೆರೆದದ್ದು ಕಾಣುತ್ತದೆ. ಕೊನೆಯ ವಾಕ್ಯವನ್ನು ಇನ್ನೊಮ್ಮೆ ನೋಡಿ. ಬರೆದವಳು ಮನಸ್ಸು ಬದಲಿಸಿಕೊಂಡಳು, ಆದರೆ ಪೂರ್ತಿ ಮಗುಚಿಬೀಳಲಿಲ್ಲ. ಅಭಿಪ್ರಾಯ ಬದಲಾಗಲೇಬೇಕೆಂಬ ನಿಯಮ ಇಲ್ಲ. 'ನನ್ನ ನಿಲುವು ಹಾಗೆಯೇ ಇದೆ, ಆದರೆ ಕಾರಣ ಬೇರೆಯಾಗಿದೆ' ಎಂದು ಬರೆಯುವುದು, ಸುಳ್ಳೇ ಕಣ್ಣು ತೆರೆಸಿಕೊಳ್ಳುವುದಕ್ಕಿಂತ ಎಷ್ಟೋ ಮೇಲು.

'ಇನ್ನು ಏನು ಮಾಡುತ್ತೇನೆ' ಎಂಬ ಭಾಗದಲ್ಲಿ ಜಾಗೃತ ನಾಗರಿಕರಾಗುವ ಪ್ರತಿಜ್ಞೆ ಬೇಡ. ದಿನಾಂಕ ಹಾಕಬಹುದಾದ ಕೆಲಸ ಬರೆಯಿರಿ. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿದೆಯೇ ನೋಡುವುದು ಒಂದು ಕೆಲಸ. ಇಲ್ಲದಿದ್ದರೆ ನಮೂನೆ 6. ಹದಿನೇಳು ದಾಟಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಮೊದಲು ಜನವರಿ 1ಕ್ಕೆ ಹದಿನೆಂಟು ತುಂಬಿರಬೇಕಿತ್ತು, ಈಗ ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಒಂದನೆಯ ತಾರೀಖೂ ಲೆಕ್ಕಕ್ಕೆ ಬರುತ್ತವೆ. ಊರಿನ ಮುಂದಿನ ಗ್ರಾಮಸಭೆಗೆ ಹೋಗಿ ಕೂತು ಬರುವುದು ಇನ್ನೊಂದು ಕೆಲಸ.

ಗೆಳೆಯರು, ಮನೆಯವರು, ಪಕ್ಷಗಳು

ಸೆಮಿನಾರ್ ಕೊಟ್ಟ ಗೆಳತಿಯ ತಪ್ಪನ್ನು ಬರೆಯಬಹುದೇ? ಬರೆಯಬಹುದು, ಮಾತಿನ ತಪ್ಪನ್ನು ಮಾತ್ರ. 'ನೋಟಾ ಬಗ್ಗೆ ಹೇಳಿದ ಸಂಗತಿ ನನಗೆ ಸಿಕ್ಕ ಮಾಹಿತಿಯೊಂದಿಗೆ ಹೊಂದಲಿಲ್ಲ' ಎಂದರೆ ಸಾಕು. ಅವಳ ಜಾತಿ, ಊರು, ಉಚ್ಚಾರಣೆ, ಇಂಗ್ಲಿಷ್ ಇವು ನಿಮ್ಮ ವಿಷಯವಲ್ಲ. ಅವಳ ಅಪ್ಪ ಯಾವ ಪಕ್ಷದ ಕಾರ್ಯಕರ್ತ ಎಂಬುದಂತೂ ಅಲ್ಲವೇ ಅಲ್ಲ.

ಮನೆಯವರ ಮಾತನ್ನು ಬರೆಯುವಾಗ ಅವರು ಯಾರಿಗೆ ಮತ ಹಾಕಿದರು ಎಂಬುದನ್ನು ಬರೆಯಬೇಡಿ. ನಿಮ್ಮದನ್ನೂ ಬರೆಯಬೇಕಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 94ನೆಯ ಸೆಕ್ಷನ್ ಪ್ರಕಾರ ಯಾರಿಗೆ ಮತ ಹಾಕಿದಿರಿ ಎಂದು ಹೇಳುವಂತೆ ಸಾಕ್ಷಿಯನ್ನಾಗಲಿ ಬೇರೆ ಯಾರನ್ನಾಗಲಿ ಒತ್ತಾಯಿಸುವಂತಿಲ್ಲ. ನಿಮ್ಮ ಅಧ್ಯಾಪಕರು ಅದಕ್ಕಿಂತ ದೊಡ್ಡವರಲ್ಲ. ಪಕ್ಷಗಳ ಹೆಸರನ್ನು ತಪ್ಪಿಸಿಕೊಂಡು 'ಒಂದು ಪಕ್ಷ', 'ಇನ್ನೊಂದು ಪಕ್ಷ' ಎಂದು ಒಗಟು ಕಟ್ಟಬೇಕಾಗಿಯೂ ಇಲ್ಲ. ಹೆಸರು ಹೇಳಿ, ವಿಶೇಷಣ ಬಿಡಿ. ಒಂದು ಚಿಕ್ಕ ಪರೀಕ್ಷೆ: ಆ ವಾಕ್ಯದಲ್ಲಿ ಪಕ್ಷದ ಹೆಸರನ್ನು ಬದಲಿಸಿ ಓದಿ ನೋಡಿ. ಆಗಲೂ ನೀವು ಅದನ್ನೇ ಬರೆಯುತ್ತಿದ್ದಿರಾ? ಇಲ್ಲವೆಂದಾದರೆ ಏಕೆ ಇಲ್ಲ ಎಂಬುದೇ ನಿಮ್ಮ ಮುಂದಿನ ಪ್ಯಾರಾ.

ನೀವೇ ಸೆಮಿನಾರ್ ಕೊಟ್ಟಿದ್ದರೆ

ಆಗ ಬರೆಯಬೇಕಾದದ್ದು ಸಿದ್ಧತೆಯ ಬಗ್ಗೆ: ಏನನ್ನು ಬಿಟ್ಟಿರಿ, ಯಾವ ಪ್ರಶ್ನೆಗೆ ತಡವರಿಸಿದಿರಿ, ವಿಷಯ ಕೈಮೀರಿದ್ದು ಎಲ್ಲಿ. ಸೋತ ಸೆಮಿನಾರುಗಳಿಗೆ ಮುಕ್ಕಾಲುಪಾಲು ಕಾರಣ ವಿಷಯದ ಅಗಲ. 'ಭಾರತದ ಚುನಾವಣಾ ವ್ಯವಸ್ಥೆ' ಎಂದು ಹದಿನೈದು ನಿಮಿಷಕ್ಕೆ ಹೊರಟವರು ಸಂವಿಧಾನದ 324ನೆಯ ವಿಧಿ ದಾಟುವಷ್ಟರಲ್ಲಿ ಗಂಟೆ ಬಾರಿಸಿರುತ್ತದೆ. 'ಬೆರಳಿನ ಶಾಯಿ' ಎಂದು ಇಟ್ಟುಕೊಂಡ ಹುಡುಗನೊಬ್ಬ 1962ರ ಚುನಾವಣೆಯಿಂದ ಹೊರಟು, ಅದನ್ನು ತಯಾರಿಸುವ ಮೈಸೂರಿನ ಸರ್ಕಾರಿ ಬಣ್ಣದ ಕಾರ್ಖಾನೆಯನ್ನು ಹೊಕ್ಕು, ಒಬ್ಬನೇ ಎರಡು ಸಲ ಮತ ಹಾಕುವುದನ್ನು ತಡೆಯುವುದು ಯಾಕೆ ಅಷ್ಟು ಕಷ್ಟದ ಕೆಲಸ ಎಂಬಲ್ಲಿಗೆ ತಲುಪಿದ್ದ. ಸಮಯ ಉಳಿದಿತ್ತು, ಪ್ರಶ್ನೆಗಳೂ ಬಂದವು.

ಒಪ್ಪಿಸುವ ಮುನ್ನ

ಗಟ್ಟಿಯಾಗಿ ಓದಿ. 'ವಿಷಾದನೀಯ', 'ಶ್ಲಾಘನೀಯ', 'ಇಂದಿನ ದಿನಮಾನಗಳಲ್ಲಿ', 'ಎಲ್ಲರೂ ಕೈಜೋಡಿಸಬೇಕು' ಸಿಕ್ಕಲ್ಲೆಲ್ಲ ಹೊಡೆದುಹಾಕಿ. ಹೊಡೆದ ಮೇಲೆ ಪುಟದಲ್ಲಿ ಏನೂ ಉಳಿಯದಿದ್ದರೆ ಸಂಜೆಯ ಹೆಜ್ಜೆಗೆ ವಾಪಸು ಹೋಗಬೇಕು. ಎಐ ತಂತ್ರಾಂಶದಿಂದ ಬರೆಸಿ ತರುವವರೂ ಈಗ ಇದ್ದಾರೆ. ಅದನ್ನು ಗುರುತಿಸುವುದು ನನಗೆ ಕಷ್ಟವಾಗಿಲ್ಲ. ಅದರಲ್ಲಿ ಮಾವ ಇರುವುದಿಲ್ಲ, ಬಸ್ಸು ಇರುವುದಿಲ್ಲ, ನಗದೆ ಕೂತ ಹುಡುಗಿ ಇರುವುದಿಲ್ಲ.

ಅಂಕ ಕೊಡುವವರಿಗೂ ಒಂದು ಮಾತು. ವಿದ್ಯಾರ್ಥಿಯ ನಿಲುವು ನಿಮ್ಮದರ ಎದುರಿಗಿದ್ದಾಗ ಕೆಂಪು ಪೆನ್ನನ್ನು ಸ್ವಲ್ಪ ಕೆಳಗಿಡಿ. ನಾನು ಅಂಥ ಹಾಳೆಗಳನ್ನು ಬೇರೆ ಎತ್ತಿಟ್ಟು ಮರುದಿನ ಓದುತ್ತೇನೆ. ಆದರೂ ಒಮ್ಮೆ ಕೈ ತಪ್ಪಿದೆ, ಆ ಹುಡುಗ ಬಂದು "ಮೇಡಂ, ಇಲ್ಲಿ ಯಾಕೆ ಅಂಕ ಕಳೆದಿರಿ?" ಎಂದು ಕೇಳಿದಾಗ ನನ್ನಲ್ಲಿ ಉತ್ತರ ಇರಲಿಲ್ಲ. ಎರಡು ಅಂಕ ಮರಳಿ ಕೊಟ್ಟೆ.

ಹಿಂದಿನ ರಾತ್ರಿಯ ಐದು ಸಾಲಿನ ಕಾಗದವನ್ನು ತಿದ್ದದೆ, ಇದ್ದ ಹಾಗೆಯೇ ಬರಹದ ಹಿಂದೆ ಪಿನ್ ಮಾಡಿ ಕೊಡಿ. ನಿಮ್ಮ ಬಳಿಯೂ ಒಂದು ಪ್ರತಿ ಇಟ್ಟುಕೊಂಡಿರಿ. ಮುಂದಿನ ರಾಜ್ಯ ಬಜೆಟ್ ಮಂಡನೆಯಾದ ದಿನ ಅದನ್ನು ತೆಗೆದು, ಅಂಚಿನಲ್ಲಿ ಬೇರೆ ಬಣ್ಣದ ಶಾಯಿಯಲ್ಲಿ ಆರನೆಯ ಸಾಲು ಬರೆಯಿರಿ. ಅದನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲ.